ಪೆಡಲ್ ಒತ್ತಿದರೂ ಲಾರಿ ಏಳುತ್ತಿಲ್ಲವೇ? ಹೊಸ ಪೆಡಲ್ ಕೊಳ್ಳುವ ಮೊದಲು ಹೀಗೆ ನೋಡಿ

ಘಾಟಿ ಹತ್ತುವಾಗ ಲಾರಿಯ ಪಿಕಪ್ ಸತ್ತುಹೋಗುತ್ತದೆ, ಚೆಕ್ ಲೈಟ್ ಬರುತ್ತದೆ. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ 'ಆಕ್ಸಿಲರೇಟರ್ ಪೆಡಲ್' ಅಂತ ತೋರಿಸುತ್ತದೆ. ಅಷ್ಟು ಸಾಕು, ಮಾಲೀಕರು ಸಾವಿರಾರು ರೂಪಾಯಿ ಕೊಟ್ಟು ಹೊಸ ಪೆಡಲ್ ತರಿಸುತ್ತಾರೆ. ನಾಲ್ಕು ದಿನ ಓಡಿ ಮತ್ತೆ ಅದೇ ಕಥೆ. ಗ್ಯಾರೇಜುಗಳಲ್ಲಿ ಇದನ್ನು ನೋಡಿ ನೋಡಿ ಬೇಜಾರಾಗಿದೆ. ಸ್ಕ್ಯಾನರ್‌ಗೆ ಗೊತ್ತಿರುವುದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಎಂಬುದಷ್ಟೇ. ಆ ಸರ್ಕ್ಯೂಟಿನಲ್ಲಿ ಪೆಡಲ್ ಇದೆ, ವೈರ್ ಸಿಕ್ಕಿಸುವ ಕಪ್ಲರ್ ಇದೆ, ಮೀಟರ್‌ಗಟ್ಟಲೆ ವೈರ್ ಇದೆ, ಆಮೇಲೆ ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಎಂ ಇದೆ. ಎಲ್ಲಿ ಅಂತ ಹುಡುಕುವುದು ನಮ್ಮ ಕೆಲಸ.

ಒಳಗೆ ಏನಿದೆ?

ಹಳೇ ಲಾರಿಗಳಲ್ಲಿ ಪೆಡಲ್‌ನಿಂದ ಡೀಸೆಲ್ ಪಂಪ್‌ವರೆಗೆ ಕೇಬಲ್ ಅಥವಾ ರಾಡ್ ಇರುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್4 ನಿಯಮ ಇಡೀ ದೇಶಕ್ಕೆ ಬಂತು, 2020ರ ಏಪ್ರಿಲ್‌ನಲ್ಲಿ ಬಿಎಸ್6. ಕಾಮನ್ ರೈಲ್ (ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನಡೆಸುವ) ಇಂಜಿನ್ ಬಂದ ಕಡೆಯೆಲ್ಲ ಆ ಕೇಬಲ್ ಹೋಯಿತು. ಈಗ ಕಾಲಿನ ಒತ್ತಡ ಒಂದು ವೋಲ್ಟೇಜ್ ಆಗಿ ಇಸಿಎಂಗೆ ಹೋಗುತ್ತದೆ. ಎಷ್ಟು ಡೀಸೆಲ್ ಬಿಡಬೇಕು ಅಂತ ಅದು ತೀರ್ಮಾನ ಮಾಡುತ್ತದೆ.

ಸಾಮಾನ್ಯವಾಗಿ ಒಂದು ಪೆಡಲ್‌ನಲ್ಲಿ ಎರಡು ಸೆನ್ಸರ್ ಇರುತ್ತವೆ. ಒಂದೊಂದಕ್ಕೂ ಮೂರು ವೈರ್: 5 ವೋಲ್ಟ್ ಸಪ್ಲೈ, ಅರ್ತ್, ಸಿಗ್ನಲ್. ಒಟ್ಟು ಆರು. ಕಾಲು ತೆಗೆದಾಗ ಮೊದಲ ಸಿಗ್ನಲ್ ಸುಮಾರು 0.75 ವೋಲ್ಟ್, ಪೂರ್ತಿ ಒತ್ತಿದಾಗ 3.8ರ ಹತ್ತಿರ. ಎರಡನೆಯದು ಸಾಮಾನ್ಯವಾಗಿ ಅದರ ಅರ್ಧ. ಅಂಕಿ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ, ಒಂದು ಏರುವಾಗ ಇನ್ನೊಂದು ಇಳಿಯುವ ಪೆಡಲ್‌ಗಳೂ ಇವೆ. ಹಾಗಾಗಿ ಕಂಪನಿಯ ಚಾರ್ಟ್ ಕೈಯಲ್ಲಿರಲಿ. ಹಳೇ ಮಾದರಿಗಳಲ್ಲಿ ಒಂದೇ ಸೆನ್ಸರ್, ಜೊತೆಗೆ ಒಂದು ಐಡಲ್ ಸ್ವಿಚ್ ಇರುತ್ತದೆ.

ಎರಡೇಕೆ? ಕೋರ್ಟಿನಲ್ಲಿ ಇಬ್ಬರು ಸಾಕ್ಷಿಗಳಿದ್ದ ಹಾಗೆ. ಇಬ್ಬರ ಮಾತು ತಾಳೆಯಾಗದಿದ್ದರೆ ಇಸಿಎಂ ಯಾರನ್ನೂ ನಂಬುವುದಿಲ್ಲ. ಕೆಲವು ಗಾಡಿ ಐಡಲ್‌ನಲ್ಲೇ ನಿಂತುಬಿಡುತ್ತವೆ, ಕೆಲವು ರಸ್ತೆ ಬದಿಗೆ ತರುವಷ್ಟು ಮಾತ್ರ ರೇಸ್ ಕೊಡುತ್ತವೆ. ಇನ್ನೊಂದು ವಿಷಯ ಗಮನಿಸಿ. ಸಿಗ್ನಲ್ ಎಂದೂ ಸೊನ್ನೆಗೆ ಇಳಿಯುವುದಿಲ್ಲ, 5ಕ್ಕೆ ಏರುವುದೂ ಇಲ್ಲ. ಹಾಗೆ ಬಂದರೆ ವೈರ್ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ ಅಂತ ಇಸಿಎಂಗೆ ಗೊತ್ತಾಗಲಿ ಎಂದೇ ಆ ಅಂತರ ಇಟ್ಟಿರುತ್ತಾರೆ.

ಒಳಗಿನ ಸೆನ್ಸರ್ ಎರಡು ಬಗೆ. ಒಂದರಲ್ಲಿ ಕಾರ್ಬನ್ ಪಟ್ಟಿಯ ಮೇಲೆ ಬ್ರಷ್ ಉಜ್ಜುತ್ತದೆ, ಕಾಲು ಜಾಸ್ತಿ ಹೊತ್ತು ನಿಲ್ಲುವ ಜಾಗದಲ್ಲಿ ಪಟ್ಟಿ ಸವೆಯುತ್ತದೆ. ಇನ್ನೊಂದು ಮ್ಯಾಗ್ನೆಟ್ ಇರುವ ಹಾಲ್ ಸೆನ್ಸರ್, ಉಜ್ಜಾಟವೇ ಇಲ್ಲ.

ಮೊದಲ ಹೆಜ್ಜೆ: ತಪ್ಪು ಪೆಡಲ್‌ನದ್ದೇನಾ?

ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಮಧ್ಯದಲ್ಲಿ 'ಪಿಕಪ್ ಬಾಕ್ಸ್' ಏನಾದರೂ ಸಿಕ್ಕಿಸಿದ್ದರೆ ಮೊದಲು ಕಿತ್ತು ಹಾಕಿ. ಅದು ಇಂಜಿನ್ನಿಗೆ ಒಂದು ಚೂರೂ ಶಕ್ತಿ ಕೊಡುವುದಿಲ್ಲ. ಅರ್ಧ ಒತ್ತಿದ್ದನ್ನು ಮುಕ್ಕಾಲು ಅಂತ ಇಸಿಎಂಗೆ ಸುಳ್ಳು ಹೇಳುತ್ತದೆ, ಅಷ್ಟೇ.

ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಪೆಡಲ್ ಶೇಕಡಾವಾರು ನೋಡಿ. ತೊಂದರೆ ಇರುವಾಗಲೇ ಅದು 0ಯಿಂದ 100ಕ್ಕೆ ನೀಟಾಗಿ ಹೋಗುತ್ತಿದ್ದರೆ ಪೆಡಲ್ ಬಿಟ್ಟು ಡೀಸೆಲ್ ಫಿಲ್ಟರ್, ಟರ್ಬೊ ಹೋಸ್ ಕಡೆ ನೋಡಿ. ಬಿಎಸ್6 ಆದರೆ ಹೊಗೆ ಶುದ್ಧ ಮಾಡುವ ಯೂರಿಯಾ ಸಿಸ್ಟಂ ಕೂಡ ನೋಡಿ. ಬ್ರೇಕ್ ಸ್ವಿಚ್ ಮರೆಯಬೇಡಿ. ಬ್ರೇಕ್ ಒತ್ತಿದೆ ಅಂತ ಸದಾ ಸಿಗ್ನಲ್ ಬರುತ್ತಿದ್ದರೆ ಎಷ್ಟೋ ಇಸಿಎಂಗಳು ರೇಸ್ ಕೊಡುವುದೇ ಇಲ್ಲ.

ಎರಡನೆಯದು: ಕೋಡ್ ಓದಿ, ಕಪ್ಲರ್ ಕಳಚಿ

ಹೆವಿ ಗಾಡಿಗಳಲ್ಲಿ ಪೆಡಲ್‌ಗೆ ಎಸ್‌ಪಿಎನ್ 91 ಅಂತ ಬರುತ್ತದೆ, ಯಾವ ಭಾಗ ಎಂದು ಹೇಳುವ ಅಂಕಿ ಅದು. ಅದರ ಪಕ್ಕದ ಎಫ್‌ಎಂಐ ಅಂಕಿಯನ್ನು, ಅಂದರೆ ತೊಂದರೆ ಯಾವ ಬಗೆಯದು ಎಂಬುದನ್ನು, ಯಾರೂ ಓದುವುದಿಲ್ಲ, ನಿಜವಾದ ಸುಳಿವು ಅಲ್ಲೇ ಇದೆ. 3 ಅಂದರೆ ವೋಲ್ಟೇಜ್ ಜಾಸ್ತಿ, 4 ಅಂದರೆ ಕಡಿಮೆ, 2 ಅಂದರೆ ಸಿಗ್ನಲ್ ಹೊಯ್ದಾಡುತ್ತಿದೆ ಅಥವಾ ತಾಳೆಯಾಗುತ್ತಿಲ್ಲ. ಚಿಕ್ಕ ಗಾಡಿಗಳಲ್ಲಿ ಪಿ2138 ಬಂದರೆ ಎರಡು ಸಿಗ್ನಲ್ ಹೊಂದುತ್ತಿಲ್ಲ ಎಂದರ್ಥ.

3 ಬಂದಿದೆ ಅಂದುಕೊಳ್ಳಿ. ಕೀ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಕಪ್ಲರ್ ಕಳಚಿ, ಮತ್ತೆ ಕೀ ಆನ್ ಮಾಡಿ. ಕೋಡ್ 4ಕ್ಕೆ ಬದಲಾದರೆ ಸಿಗ್ನಲ್ ವೈರ್ ಶಾರ್ಟ್ ಆಗಿಲ್ಲ, ಇಸಿಎಂ ಕೂಡ ಸರಿಯಾಗಿ ಓದುತ್ತಿದೆ. ಅನುಮಾನ ಪೆಡಲ್ ಮತ್ತು ಅದರ ಅರ್ತ್ ವೈರ್ ಮೇಲೆ. ಕಳಚಿದ ಮೇಲೂ 3 ಹಾಗೇ ನಿಂತಿದ್ದರೆ ಸಿಗ್ನಲ್ ವೈರ್ ಎಲ್ಲೋ ಸಪ್ಲೈ ವೈರ್‌ಗೆ ತಾಗಿರಬಹುದು, ಪೆಡಲ್ ಬದಲಿಸಿ ಪ್ರಯೋಜನವಿಲ್ಲ.

ಮೂರನೆಯದು: ವೋಲ್ಟೇಜ್ (ಎಲ್ಲರೂ ಎಡವುವುದು ಇಲ್ಲೇ)

ಟೆಸ್ಟ್ ಲ್ಯಾಂಪ್ ದೂರ ಇಡಿ. 24 ವೋಲ್ಟಿನ ಬಲ್ಬ್ ಎಳೆಯುವ ಕರೆಂಟನ್ನು ಆ 5 ವೋಲ್ಟ್ ಲೈನ್ ಕೊಡಲಾರದು, ಇಸಿಎಂ ಕೆಡುವ ಅಪಾಯವಿದೆ. ಹಾಲ್ ಸೆನ್ಸರ್‌ಗೆ ಮೀಟರನ್ನು ಓಮ್ಸ್‌ನಲ್ಲಿ (ರೆಸಿಸ್ಟೆನ್ಸ್) ಇಟ್ಟು ನೋಡುವುದೂ ಬೇಡ, ಅದರಿಂದ ಏನೂ ತಿಳಿಯುವುದಿಲ್ಲ.

ತುಂಬಾ ಜನ ಕಪ್ಲರ್ ಕಳಚಿ 5 ವೋಲ್ಟ್ ನೋಡಿ, 'ಕರೆಂಟ್ ಬರ್ತಿದೆ, ವೈರಿಂಗ್ ಓಕೆ' ಅಂದುಬಿಡುತ್ತಾರೆ. ಕಳಚಿದಾಗ ಆ ವೈರಿನಲ್ಲಿ ಕರೆಂಟ್ ಹರಿಯುತ್ತಲೇ ಇಲ್ಲವಲ್ಲ! ಒಂದೇ ಎಳೆ ಉಳಿದಿರುವ ವೈರ್ ಕೂಡ 5 ವೋಲ್ಟ್ ತೋರಿಸುತ್ತದೆ. ಕಪ್ಲರ್ ಸಿಕ್ಕಿಸಿಯೇ ಇರಬೇಕು. ಹಿಂಬದಿಯಿಂದ, ವೈರ್ ಒಳಹೋಗುವ ಕಡೆಯಿಂದ, ತೆಳ್ಳಗಿನ ಪಿನ್ ತೂರಿಸಿ ಅಳೆಯಿರಿ. ವೈರಿನ ಮೈಗೆ ಸೂಜಿ ಚುಚ್ಚಬೇಡಿ. ಆ ತೂತಿನಲ್ಲಿ ಮಳೆನೀರು ಇಳಿದರೆ ಒಳಗಿನ ತಾಮ್ರ ಕಿಲುಬು ಹಿಡಿದು ಪುಡಿಯಾಗುತ್ತದೆ.

ಮೀಟರ್‌ನ ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ ಹಾಕಿ. ಕೀ ಆನ್. ಸಪ್ಲೈ ಪಿನ್‌ನಲ್ಲಿ 4.75ರಿಂದ 5.25ರ ಒಳಗೆ ಬರಬೇಕು. ಕಡಿಮೆ ಬಂದರೆ ಈಗ ಪೆಡಲ್ ಕಳಚಿ ನೋಡಿ. ಸರಿಹೋದರೆ ಪೆಡಲ್ ಹೆಚ್ಚು ಕರೆಂಟ್ ಎಳೆಯುತ್ತಿರಬಹುದು, ಇಲ್ಲವೇ ಸಪ್ಲೈ ವೈರ್ ಸೊರಗಿರಬಹುದು. ಆಗಲೂ ಕಡಿಮೆಯೇ ಇದ್ದರೆ ಅದೇ ಲೈನ್ ಹಂಚಿಕೊಂಡಿರುವ ಬೇರೆ ಯಾವುದೋ ಸೆನ್ಸರ್ ಕೆಟ್ಟಿರಬಹುದು, ಒಂದೊಂದಾಗಿ ಕಳಚಿ ನೋಡಿ.

ಆಮೇಲೆ ಅರ್ತ್. ಇದನ್ನು ನೋಡುವವರೇ ಕಡಿಮೆ. ಕೆಂಪು ಪ್ರೋಬ್ ಸೆನ್ಸರ್ ಅರ್ತ್ ಪಿನ್‌ಗೆ, ಕಪ್ಪು ಬ್ಯಾಟರಿ ನೆಗೆಟಿವ್‌ಗೆ. 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. 0.4 ಬಂತು ಅಂದರೆ ಅರ್ತ್ ದಾರಿಯಲ್ಲಿ ಎಲ್ಲೋ ತುಕ್ಕು, ಇಲ್ಲವೇ ಲೂಸ್ ಪಿನ್. ಅಷ್ಟರಿಂದಲೇ ಸಿಗ್ನಲ್ ಮೇಲೆ ಸರಿದು, ಕಾಲು ತೆಗೆದಿದ್ದರೂ ಪೆಡಲ್ ಚೂರು ಒತ್ತಿದ ಹಾಗೆ ಇಸಿಎಂಗೆ ಕಾಣುತ್ತದೆ. ಇಲ್ಲಿ ಒಂದು ಕೆಟ್ಟ ಶಾರ್ಟ್‌ಕಟ್ ಇದೆ: ಸೆನ್ಸರ್ ಅರ್ತ್‌ನಿಂದ ಒಂದು ವೈರ್ ಎಳೆದು ಚಾಸಿಗೆ ಬೋಲ್ಟ್ ಹಾಕುವುದು. ದಯವಿಟ್ಟು ಬೇಡ. ಸೆನ್ಸರ್ ಅರ್ತ್ ಇಸಿಎಂಗೇ ವಾಪಸ್ ಹೋಗಬೇಕು. ಚಾಸಿಗೆ ಕೊಟ್ಟರೆ ಸೆಲ್ಫ್ ಹೊಡೆದಾಗ, ಹೆಡ್‌ಲೈಟ್ ಹಾಕಿದಾಗ ರೀಡಿಂಗ್ ಅಲುಗಾಡುತ್ತದೆ.

ಕೊನೆಗೆ ಸಿಗ್ನಲ್. ಎರಡು ಮೀಟರ್ ಇದ್ದರೆ ಎರಡೂ ಸಿಗ್ನಲ್‌ಗೆ ಒಟ್ಟಿಗೆ ಹಾಕಿ. ಕ್ಲೀನರ್‌ನನ್ನು ಕೂರಿಸಿ ಪೆಡಲ್ ಒತ್ತಿಸಿ. ಧಡಕ್ಕನೆ ಬೇಡ, ಕೆಳಗೆ ಹೋಗಲು ಹತ್ತು ಸೆಕೆಂಡ್, ಮೇಲೆ ಬರಲು ಹತ್ತು ಸೆಕೆಂಡ್. ಪ್ರತಿ ಹಂತದಲ್ಲೂ ಎರಡನೆಯದು ಮೊದಲಿನದರ ಅರ್ಧ (ಅಥವಾ ಚಾರ್ಟಿನಲ್ಲಿ ಇರುವಷ್ಟು) ಇದೆಯಾ ನೋಡಿ. ಡಿಜಿಟಲ್ ಮೀಟರ್ ಸೆಕೆಂಡಿಗೆ ಕೆಲವೇ ಸಲ ಅಂಕಿ ಬದಲಿಸುತ್ತದೆ. ಕಾರ್ಬನ್ ಪಟ್ಟಿಯಲ್ಲಿ ಕೂದಲೆಳೆಯಷ್ಟು ಸವೆದ ಜಾಗ ಅದರ ಕಣ್ಣು ತಪ್ಪಿಸುತ್ತದೆ. ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಳೇ ಸೂಜಿ ಮೀಟರ್ ತೆಗೆಯಿರಿ, ನನ್ನ ಆಯ್ಕೆ ಅದೇ. ಪಟ್ಟಿ ಸವೆದ ಜಾಗದಲ್ಲಿ ಸೂಜಿ ಟಕ್ಕಂತ ಕುಸಿಯುತ್ತದೆ. ಆದರೆ ಅಗ್ಗದ ಸೂಜಿ ಮೀಟರ್ ಸಿಗ್ನಲ್ಲನ್ನೇ ಸ್ವಲ್ಪ ಕೆಳಗೆ ಎಳೆಯುತ್ತದೆ. ಅಂಕಿಯನ್ನು ಡಿಜಿಟಲ್‌ನಲ್ಲಿ ಓದಿ, ಕುಸಿತವನ್ನು ಸೂಜಿಯಲ್ಲಿ ನೋಡಿ.

ನಾಲ್ಕನೆಯದು: ವೈರ್ ಅಲುಗಾಡಿಸಿ

ಪೆಡಲ್ ಅರ್ಧ ಒತ್ತಿ ಹಿಡಿಸಿ, ಲೈವ್ ಡೇಟಾ ನೋಡುತ್ತಾ ವೈರಿಂಗನ್ನು ಕಪ್ಲರ್‌ನಿಂದ ಶುರುಮಾಡಿ ಗೇಣು ಗೇಣಾಗಿ ಅಲುಗಾಡಿಸಿ. ಎತ್ತುವ ಕ್ಯಾಬಿನ್ ಇರುವ ಲಾರಿಗಳಲ್ಲಿ ಹಿಂಜಿನ ಹತ್ತಿರ ವೈರ್ ಮಡಚುವ ಜಾಗದಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಪ್ರತಿ ಸಲ ಕ್ಯಾಬಿನ್ ಎತ್ತಿದಾಗಲೂ ಅಲ್ಲಿ ವೈರ್ ಬಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇರುತ್ತದೆ, ಒಳಗೆ ತಾಮ್ರ ಮುರಿದಿರುತ್ತದೆ. ಮೆಲ್ಲಗೆ ಎಳೆದರೆ ಆ ಜಾಗ ರಬ್ಬರಿನಂತೆ ಹಿಗ್ಗುತ್ತದೆ. ಇನ್ನೂ ಅನುಮಾನವೇ? ಪೆಡಲ್ ಕಪ್ಲರ್, ಇಸಿಎಂ ಕಪ್ಲರ್ ಎರಡನ್ನೂ ಕಳಚಿ, ಆ ಒಂದು ವೈರಿನ ಮೂಲಕ ಮಾತ್ರ 5 ವ್ಯಾಟ್ ಪಾರ್ಕಿಂಗ್ ಬಲ್ಬ್ ಉರಿಸಿ. ಮಂಕಾದರೆ ವೈರ್ ಹೋಗಿದೆ. ಇಸಿಎಂ ಕಳಚದೆ ಮಾತ್ರ ಇದನ್ನು ಮಾಡಬೇಡಿ.

ಕಪ್ಲರ್ ಪಿನ್‌ಗಳನ್ನೂ ನೋಡಿ. ದಪ್ಪ ಪ್ರೋಬ್ ತುರುಕಿ ಅಗಲವಾದ ಪಿನ್ ಹಿಡಿತ ಕಳೆದುಕೊಳ್ಳುತ್ತದೆ. ಅದೇ ಅಳತೆಯ ಒಂದು ಹೊಸ ಪಿನ್ ತೂರಿಸಿ ಎಳೆದರೆ ಬಿಗಿ ಎಷ್ಟಿದೆ ಅಂತ ಬೆರಳಿಗೇ ತಿಳಿಯುತ್ತದೆ. ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ, ಪೆಟ್ರೋಲ್ ಬೇಡ. ಕ್ಯಾಬಿನ್ ಒಳಗೆ ಪೈಪ್ ಹಿಡಿದು ನೀರು ಬಿಡುವ ಅಭ್ಯಾಸ ನಿಲ್ಲಿಸಿದರೆ ಈ ಕೆಲಸ ಅರ್ಧ ಕಡಿಮೆಯಾಗುತ್ತದೆ, ಅಲ್ವಾ?

ಪೆಡಲ್ಲೇ ಹೋಗಿದ್ದರೆ

ಬಿಚ್ಚಿ ಕಾರ್ಬನ್ ಪಟ್ಟಿಗೆ ಪೆನ್ಸಿಲ್ ಸೀಸ ಉಜ್ಜುವವರಿದ್ದಾರೆ. ತುಂಬಿದ ಲಾರಿಗೆ ಈ ಆಟ ಬೇಡ. ಹೆಸರಿಲ್ಲದ ಡಬ್ಬಿಯ ಪೆಡಲ್ ಕೂಡ ಬೇಡ. ಕಪ್ಲರ್ ಸರಿಯಾಗಿ ಕೂರುತ್ತದೆ, ಆದರೆ ಕಾಲು ತೆಗೆದಾಗಿನ ವೋಲ್ಟೇಜ್ ಬೇರೆ ಇದ್ದರೆ ಮೊದಲ ದಿನವೇ ಕೋಡ್ ಬರುತ್ತದೆ. ಪಾರ್ಟ್ ನಂಬರ್ ನೋಡಿ ಕೊಳ್ಳಿ.

ಹೊಸದು ಕೂರಿಸಿದ ಮೇಲೆ ಕೆಲವು ಗಾಡಿಗಳಿಗೆ ಐಡಲ್ ಮತ್ತು ಫುಲ್ ಸ್ಥಾನ ಕಲಿಸಬೇಕು. ಕ್ರಮ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಕೋಡ್ ಅಳಿಸಿ, ಲೋಡ್ ಇರುವಾಗಲೇ ಹಳ್ಳದ ರಸ್ತೆಯಲ್ಲಿ ಓಡಿಸಿ ನೋಡಿ. ಎರಡೂ ಸಿಗ್ನಲ್‌ನ ಐಡಲ್ ಮತ್ತು ಫುಲ್ ವೋಲ್ಟೇಜನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯ ಫೈಲಿಗೆ ಹಾಕಿ. ಮುಂದಿನ ಸಲ ಎಲ್ಲಿಂದ ಶುರುಮಾಡಬೇಕು ಅಂತ ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ.