ಎದೆಯ ಎಕ್ಸ್-ರೇ: ಗುಂಡಿ ಒತ್ತುವ ಮೊದಲಿನ ಕೆಲಸ

ಎಕ್ಸ್-ರೇ ತಂತ್ರಜ್ಞನಾದ ನನ್ನ ಬಳಿಗೆ ಅತಿ ಹೆಚ್ಚಾಗಿ ಬರುವುದು ಎದೆಯ ಚಿತ್ರದ ಚೀಟಿ. ಕ್ಷಣಾರ್ಧದಲ್ಲಿ ಮುಗಿಯುವ ಈ ಚಿತ್ರದಲ್ಲಿ ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಎಂಬುದು ಬಹುಮಟ್ಟಿಗೆ ರೋಗಿಯನ್ನು ನಿಲ್ಲಿಸುವ ರೀತಿಯಲ್ಲಿಯೇ ತೀರ್ಮಾನವಾಗಿರುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ.

ಕಿರಣ ಹುಟ್ಟುವುದು ನಿರ್ವಾತ ಕೊಳವೆಯೊಳಗೆ. ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಅಧಿಕ ವೋಲ್ಟೇಜಿನ ಸೆಳೆತದಿಂದ ಟಂಗ್‌ಸ್ಟನ್ ತಟ್ಟೆಗೆ ಅಪ್ಪಳಿಸಿದಾಗ ಅವುಗಳ ಶಕ್ತಿಯಲ್ಲಿ ಸುಮಾರು ಶೇ. 99ರಷ್ಟು ಶಾಖವಾಗಿ ಹೋಗುತ್ತದೆ. ಉಳಿದ ಅಲ್ಪಭಾಗವೇ ಎಕ್ಸ್-ರೇ. ಕ್ಯಾಲ್ಸಿಯಂ ತುಂಬಿದ ಮೂಳೆ ಅದನ್ನು ಹೆಚ್ಚು ಹೀರಿಕೊಳ್ಳುವುದರಿಂದ ಬೆಳ್ಳಗೂ, ಗಾಳಿ ತುಂಬಿದ ಶ್ವಾಸಕೋಶ ಅದನ್ನು ಸರಾಗವಾಗಿ ಹಾಯಲು ಬಿಡುವುದರಿಂದ ಕಪ್ಪಗೂ ಕಾಣುತ್ತವೆ. ಮಣಿಕಟ್ಟಿಗೆ 50ರಿಂದ 60 ಕಿಲೋವೋಲ್ಟ್ ಇಡುವ ನಾನು ಎದೆಗೆ 110ಕ್ಕೂ ಮೇಲೆ ಇಡುತ್ತೇನೆ. ಆಗ ಪಕ್ಕೆಲುಬುಗಳ ಬಿಳುಪು ತಗ್ಗಿ, ಅವುಗಳ ಹಿಂದಿರುವ ಶ್ವಾಸಕೋಶವೂ ತಿಳಿಯುತ್ತದೆ.

ರೋಗಿಯ ಎದೆಯನ್ನು ಚಿತ್ರ ಹಿಡಿಯುವ ಫಲಕವಾದ ಡಿಟೆಕ್ಟರಿಗೆ ಒತ್ತಿಸಿ, ಹೆಗಲಿನ ಮೂಳೆಗಳು ಶ್ವಾಸಕೋಶದ ಮೇಲಿಂದ ಸರಿಯುವಂತೆ ಭುಜಗಳನ್ನು ಮುಂದಕ್ಕೆ ತರಿಸಿ, ಸುಮಾರು 180 ಸೆಂಟಿಮೀಟರ್ ದೂರದಿಂದ, ಬೆನ್ನಿನ ಕಡೆಯಿಂದ ಕಿರಣ ಹಾಯಿಸುತ್ತೇನೆ. ಹೃದಯ ಎದೆಯ ಮುಂಭಾಗದಲ್ಲಿರುವುದರಿಂದ ಹೀಗೆ ಮಾಡಿದರೆ ಅದರ ನೆರಳು ಹೆಚ್ಚು ಹಿಗ್ಗುವುದಿಲ್ಲ. ವಯಸ್ಕರಲ್ಲಿ ಹೃದಯದ ಅಗಲ ಎದೆಗೂಡಿನ ಒಳ ಅಗಲದ ಅರ್ಧವನ್ನು ಮೀರಬಾರದೆಂಬ ಅಳತೆ ಈ ಭಂಗಿಗೆ ಸಲ್ಲುತ್ತದೆ. ಹಾಸಿಗೆಯಲ್ಲಿಯೇ ಮುಂದಿನಿಂದ ತೆಗೆದ ಚಿತ್ರದಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುವುದರಿಂದ, ಅಂಥ ಚಿತ್ರದ ಮೇಲೆ ಭಂಗಿಯನ್ನು ಗುರುತಿಸದೆ ನಾನು ಮುಂದಕ್ಕೆ ಕಳಿಸುವುದೇ ಇಲ್ಲ.

ಉಸಿರಿನ ವಿಷಯದಲ್ಲಿ ನಾನು ಇನ್ನೂ ನಿಷ್ಠುರ. ಪೂರ್ತಿ ಉಸಿರೆಳೆದಾಗ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆಯಾದ ವಪೆ ಕೆಳಗಿಳಿದು ಶ್ವಾಸಕೋಶದ ಬುಡ ಬಿಚ್ಚಿಕೊಳ್ಳುತ್ತದೆ. ಅರೆ ಉಸಿರಿನಲ್ಲಿ ತೆಗೆದರೆ ಅಲ್ಲಿ ಮಬ್ಬು ಕವಿದು, ಇಲ್ಲದ ನ್ಯುಮೋನಿಯಾ ಇದೆಯೇನೋ ಎನಿಸುತ್ತದೆ. ಆದ್ದರಿಂದ ಉಸಿರೆಳೆದು ಹಿಡಿಯುವುದನ್ನು ಮೊದಲೇ ಒಮ್ಮೆ ಮಾಡಿಸಿ ನೋಡುತ್ತೇನೆ.

ರೋಗಿ ನಿಲ್ಲಬಲ್ಲವರಾದರೆ ನಿಲ್ಲಿಸಿಯೇ ತೆಗೆಯುವುದಕ್ಕೂ ಕಾರಣವಿದೆ. ಎದೆಗೂಡಿನಲ್ಲಿ ಸೇರಿದ ನೀರು ಕೆಳಗಿಳಿದು ವಪೆಯ ಅಂಚಿನ ಚೂಪು ಕೋನವನ್ನು ಮುಚ್ಚುತ್ತದೆ; ಕರುಳು ಅಥವಾ ಜಠರ ತೂತಾಗಿ ಹೊರಬಂದ ಗಾಳಿ ಮೇಲೇರಿ ವಪೆಯ ಕೆಳಗೆ ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ಕಂಡರೆ ವರದಿಗೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸುತ್ತೇನೆ, ಏಕೆಂದರೆ ಅಂಥವರಿಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಇಷ್ಟಾದರೂ ಎಕ್ಸ್-ರೇ ನೆರಳುಗಳ ಮೇಲೆ ನೆರಳು ಬಿದ್ದ ಚಿತ್ರವೇ. ಹೃದಯದ ಹಿಂದಿನ ಸಣ್ಣ ಗಡ್ಡೆ ಅಡಗಿಕೊಳ್ಳಬಹುದಾದ್ದರಿಂದ ಕೆಲವೊಮ್ಮೆ ಪಕ್ಕದಿಂದಲೂ ತೆಗೆಯಬೇಕಾಗುತ್ತದೆ. ಕೈಕಾಲುಗಳಿಗಂತೂ ಒಂದಕ್ಕೊಂದು ಲಂಬವಾದ ಎರಡು ನೋಟಗಳು ಬೇಕೇ ಬೇಕು. ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆಯ ಬಿರುಕು ಮೊದಲ ದಿನ ಕಾಣದೆ, 10ರಿಂದ 14 ದಿನಗಳ ಬಳಿಕ ತೆಗೆದಾಗ ಕಾಣುವುದುಂಟು. ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಅಸ್ಥಿರಜ್ಜು ಹರಿದರೆ ಅದು ನೇರವಾಗಿ ಕಾಣುವುದೇ ಇಲ್ಲ.

ವಿಕಿರಣದ ಭಯ ಹಲವರಿಗಿರುತ್ತದೆ. ಎದೆಯ ಒಂದು ಚಿತ್ರದ ಪ್ರಮಾಣ ನಿಸರ್ಗದಿಂದಲೇ ಕೆಲವು ದಿನಗಳಲ್ಲಿ ಬರುವಷ್ಟು ಎಂದು ಅವರಿಗೆ ವಿವರಿಸುತ್ತೇನೆ. ಗರ್ಭಿಣಿಯಾಗಿರುವ ಸಾಧ್ಯತೆಯನ್ನು ಮಾತ್ರ ತಪ್ಪದೆ ಕೇಳುತ್ತೇನೆ. ಜೊತೆಗೆ, ಹಳೆಯ ಚಿತ್ರವಿದ್ದರೆ ತರಲು ಹೇಳುತ್ತೇನೆ: ಇಂದು ಕಂಡ ಚುಕ್ಕೆ ವರ್ಷಗಳ ಹಿಂದೆಯೂ ಅಷ್ಟೇ ಗಾತ್ರದಲ್ಲಿತ್ತೇ ಎಂಬುದನ್ನು ಚಿತ್ರ ಓದಿ ವರದಿ ಕೊಡುವ ವೈದ್ಯರಾದ ರೇಡಿಯಾಲಜಿಸ್ಟ್ ಅದರಿಂದಲೇ ತಿಳಿಯಬಲ್ಲರು.