ಕರೆಂಟ್ ಲೈನ್ ಬರದ ಊರಿಗೆ ಕಡಿಮೆ ಖರ್ಚಲ್ಲಿ ಸೋಲಾರ್ ಹಾಕೋದು ಹೇಗೆ

ಮೊದ್ಲೇ ಪ್ಯಾನೆಲ್ ತಗೋಬೇಡಿ, ಮನೆಮನೆಗೆ ಹೋಗಿ ರಾತ್ರಿ ಏನು ಎಷ್ಟು ಹೊತ್ತು ಉರಿಸ್ತಾರೆ ಅಂತ ಕೇಳಿ ಬರ್ಕೊಳ್ಳಿ. 5 ವ್ಯಾಟಿನ ಎಲ್‌ಇಡಿ ಬಲ್ಬ್ 3, ದಿನಕ್ಕೆ 5 ಗಂಟೆ ಅಂದ್ರೆ ಒಂದು ಮನೆಗೆ 75 ವ್ಯಾಟ್ ಅವರ್ (ವ್ಯಾಟನ್ನ ಗಂಟೆಯಿಂದ ಗುಣಿಸಿದ್ದು), ಮೊಬೈಲ್ ಚಾರ್ಜಿಂಗ್ ಸೇರಿ 100 ಅಂತಿಟ್ಕೊಳ್ಳಿ, 4 ಗಂಟೆ ಒಳ್ಳೆ ಬಿಸಿಲಿದ್ರೆ ನಷ್ಟ ಎಲ್ಲಾ ಕಳೆದ್ರೂ 50 ವ್ಯಾಟ್ ಪ್ಯಾನೆಲ್ ಸಾಕು. ಬಲ್ಬ್ 12 ವೋಲ್ಟ್ ಡಿಸಿದೇ (ಬ್ಯಾಟರಿಯಿಂದ ನೇರ ಉರಿಯೋದು) ಹಾಕಿ, ಇನ್ವರ್ಟರ್ ಖರ್ಚು ಉಳಿಯತ್ತೆ.

ಎಡವೋದು ಬ್ಯಾಟರಿಲಿ. ಲೆಡ್ ಆಸಿಡ್ ಆದ್ರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡ್ಬಾರ್ದು, ಹಾಗಾಗಿ ಎರಡು ದಿನ ಮೋಡ ಇದ್ರೂ ನಡೀಬೇಕು ಅಂದ್ರೆ 12 ವೋಲ್ಟಿನ 40 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯತ್ತೆ ಅನ್ನೋ ಅಳತೆ) ಬ್ಯಾಟರಿ ಬೇಕೇ ಬೇಕು, ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ನೋಡ್ಕೊಳ್ಳೋ ಚಾರ್ಜ್ ಕಂಟ್ರೋಲರ್ ಅಂತೂ ಬಿಡ್ಲೇಬೇಡಿ.

ಆಮೇಲೆ ಆ ಊರಲ್ಲೇ ಇಬ್ಬರಿಗೆ ರಿಪೇರಿ ಕಲಿಸಿ, ಬ್ಯಾಟರಿ ಬದಲಾಯಿಸೋಕೆ ತಿಂಗಳು ತಿಂಗಳು ಸ್ವಲ್ಪ ದುಡ್ಡು ಕೂಡಿಡೋ ವ್ಯವಸ್ಥೆ ಮೊದಲ ದಿನವೇ ಮಾಡಿ.