ದೊಣ್ಣೆ ಮೆಣಸಿನಕಾಯಿ ಗಿಡಕ್ಕೆ ತಂಪು ರಾತ್ರಿ ಬೇಕು

ಗಿಡ ಸೊಂಪಾಗಿದೆ, ಹೂವೂ ಬಿಡುತ್ತಿದೆ, ಕಾಯಿ ಮಾತ್ರ ಇಲ್ಲ. ಬಿಸಿಲ ನಾಡಿನಲ್ಲಿ ದೊಣ್ಣೆ ಮೆಣಸಿನಕಾಯಿ ಹಾಕಿದವರು ಒಮ್ಮೆಯಾದರೂ ಹೀಗೆ ಗೊಣಗಿರುತ್ತಾರೆ. ನಾನೂ ಗೊಣಗಿದ್ದೇನೆ. ಮೊದಲ ವರ್ಷ ಬೆಳಗ್ಗೆ ಎದ್ದು ನೋಡಿದರೆ ಕುಂಡದ ಸುತ್ತ ಬಿಳಿ ಹೂಗಳು ತೊಟ್ಟಿನ ಸಮೇತ ಬಿದ್ದಿರುತ್ತಿದ್ದವು. ಹುಳ ಇಲ್ಲ, ರೋಗ ಇಲ್ಲ. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಗೊಬ್ಬರ ಸಾಲದೇನೋ ಎಂದು ಅದನ್ನೂ ಸುರಿದೆ. ಎಲೆಗಳು ಅಂಗೈ ಅಗಲ ಆದವು. ಹೂ ಉದುರುವುದು ಮಾತ್ರ ನಿಲ್ಲಲಿಲ್ಲ.

ತಪ್ಪಿದ್ದದ್ದು ನಾನು ಬೀಜ ಹಾಕಿದ ತಿಂಗಳಲ್ಲಿ. ಈ ಗಿಡ ಹಗಲಿನ ಬಿಸಿಲನ್ನು ಹೇಗೋ ಸಹಿಸಿಕೊಳ್ಳುತ್ತದೆ, ರಾತ್ರಿಯ ಸೆಕೆಯನ್ನಲ್ಲ. ರಾತ್ರಿ 16ರಿಂದ 21 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೂ ಚೆನ್ನಾಗಿ ಕಾಯಿ ಕಟ್ಟುತ್ತದೆ. 24 ಡಿಗ್ರಿ ದಾಟಿತೋ, ಹೂ ಕಳಚಿಕೊಳ್ಳತೊಡಗುತ್ತದೆ. ಹಗಲಲ್ಲಿ 32–33 ಡಿಗ್ರಿ ಮೀರಿದರೆ ಪರಾಗವೂ ಕೆಡುತ್ತದೆ. ಖಾರದ ಸಣ್ಣ ಮೆಣಸಿಗೆ ಇಷ್ಟೊಂದು ನಖರಾ ಇಲ್ಲ. ಕಾಯಿ ದಪ್ಪಗಾದಷ್ಟೂ ಗಿಡ ನಾಜೂಕು.

ಹಿಂದಕ್ಕೆ ಲೆಕ್ಕ ಹಾಕಿ

ನಿಮ್ಮಲ್ಲಿ ರಾತ್ರಿಗಳು ತಣ್ಣಗಾಗುವುದು ಯಾವಾಗ? ಗಿಡ ಹೂ ಬಿಡಬೇಕಾದ್ದು ಆ ಹೊತ್ತಿಗೆ. ಬೀಜದಿಂದ ನಾಟಿಗೆ ಸುಮಾರು 40 ದಿನ, ನಾಟಿಯಿಂದ ಹೂವಿಗೆ ಇನ್ನೊಂದು 30–40 ದಿನ. ಅಂದರೆ ತಂಪು ಶುರುವಾಗುವ ಎರಡೂವರೆ ತಿಂಗಳು ಮೊದಲೇ ಬೀಜ ಬಿತ್ತಬೇಕು. ಆಗಿನ್ನೂ ಮಳೆಯೋ ಸೆಕೆಯೋ ಇರಬಹುದು. ಪರವಾಗಿಲ್ಲ. ಬೀಜ ಮೊಳೆಯಲು ಬೆಚ್ಚಗೇ ಇರಬೇಕು, 25ರಿಂದ 30 ಡಿಗ್ರಿ.

ವರ್ಷವಿಡೀ ಸೆಕೆ ಇರುವ ಊರಾದರೆ ದೊಡ್ಡ ಚೌಕಾಕಾರದ ಕಾಯಿಯ ತಳಿಗಳ ಆಸೆ ಬಿಡಿ. ಉದ್ದ ಕೊಂಬಿನಂಥ ಸಿಹಿ ತಳಿಗಳಿವೆ, ಬೆರಳುದ್ದದ ಪುಟ್ಟ ಕಾಯಿಯವೂ ಇವೆ. ಸೆಕೆಯಲ್ಲೂ ಇವು ಒಂದಿಷ್ಟು ಕಾಯಿ ಕೊಡುತ್ತವೆ. ಪೊಟ್ಟಣದ ಮೇಲಿನ ಕೆಂಪು, ಹಳದಿ ಚಿತ್ರಕ್ಕೆ ಮರುಳಾಗುವುದು ಬೇಡ, ತಳಿ ಬಿಸಿಲು ತಾಳುತ್ತದಾ ಎಂದು ಓದಿ.

ಸಸಿ ಮತ್ತು ಕುಂಡ

ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಬೆರೆಸಿ ಸಣ್ಣ ಲೋಟಗಳಲ್ಲಿ ತುಂಬಿ. ತಳಕ್ಕೆ ತೂತು ಮರೆಯಬೇಡಿ. ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ ಹೋದರೆ ಸಾಕು. 7ರಿಂದ 14 ದಿನದಲ್ಲಿ ಮೊಳಕೆ ಬರುತ್ತದೆ. ಅಲ್ಲಿಯವರೆಗೆ ತೇವ ಇರಲಿ, ಕೆಸರು ಬೇಡ. ಎಳೆ ಸಸಿ ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಗುಚಿಕೊಂಡರೆ ನೀರು ಜಾಸ್ತಿಯಾಗಿದೆ ಎಂದೇ ಅರ್ಥ. ಆ ಸಸಿ ಉಳಿಯುವುದಿಲ್ಲ, ಕಿತ್ತು ಹಾಕಿ.

ಐದಾರು ಎಲೆ ಬಂದ ಮೇಲೆ ಒಂದು ವಾರ ಸಸಿಯನ್ನು ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಒಗ್ಗಿಸಿ. ಆಮೇಲೆ ಸಂಜೆ ಹೊತ್ತು ನಾಟಿ ಮಾಡಿ. ಒಂದು ಗಿಡಕ್ಕೆ 15–20 ಲೀಟರಿನ ಕುಂಡ ಬೇಕು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್. ಟೊಮ್ಯಾಟೊ, ಬದನೆ, ಆಲೂಗಡ್ಡೆ ಇದ್ದ ಜಾಗ ಬೇಡ. ಎಲ್ಲ ಒಂದೇ ಕುಟುಂಬ, ಒಬ್ಬರ ಕಾಯಿಲೆ ಇನ್ನೊಬ್ಬರಿಗೆ. ಕೋಲನ್ನು ನಾಟಿ ದಿನವೇ ನೆಡಿ. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ.

ಮೊದಲ ಕವಲು ಒಡೆಯುವಲ್ಲಿ, ಸರಿಯಾಗಿ ಆ ಸಂದಿನಲ್ಲೇ, ಒಂದು ಮೊಗ್ಗು ಕೂತಿರುತ್ತದೆ. ಅದನ್ನು ಉಗುರಿನಿಂದ ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಬಿಟ್ಟರೆ ಗಿಡ ಬೆಳೆಯುವುದು ಬಿಟ್ಟು ಆ ಒಂದೇ ಕಾಯಿಯನ್ನು ಸಾಕುತ್ತ ನಿಂತುಬಿಡುತ್ತದೆ.

ನೀರು, ನೆರಳು

ಇಲ್ಲಿ ಎಡವುವವರೇ ಹೆಚ್ಚು. ಎರಡು ದಿನ ಮರೆತು ಮೂರನೇ ದಿನ ಬಕೆಟ್ ಸುರಿಯುವುದು ಈ ಗಿಡಕ್ಕೆ ಆಗದು. ಕಾಯಿಯ ತುದಿ ಮೊದಲು ನೀರಾಡಿದಂತಾಗಿ, ಆಮೇಲೆ ಕಂದಾಗಿ, ಕೊನೆಗೆ ಒಣ ಚರ್ಮದಂತೆ ಒಳಗೆ ಕುಸಿಯುತ್ತದೆ. ಇದು ಸೋಂಕು ಅಲ್ಲ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ, ಅಷ್ಟೆ. ಹೆಚ್ಚಿನ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದನ್ನು ಹೊತ್ತು ತರುವ ನೀರು ಒಂದೇ ಸಮ ಸಿಗುವುದಿಲ್ಲ. ಮೊಟ್ಟೆ ಚಿಪ್ಪು ಹಾಕಿದರೆ ಸರಿಯಾಗುತ್ತದೆ ಎನ್ನುವವರಿದ್ದಾರೆ. ಚಿಪ್ಪು ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ ನೋಡಿ. ಒಣಗಿದ್ದರೆ ನೀರು, ಇಲ್ಲವಾದರೆ ಸುಮ್ನೆ ಬಿಡಿ. ಬುಡಕ್ಕೆ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಕಿದರೆ ಮಣ್ಣೂ ತಂಪು, ನಿಮಗೂ ಅರ್ಧ ಕೆಲಸ ಕಡಿಮೆ.

ಬೆಳಗಿನ ಬಿಸಿಲು ಪೂರ್ತಿ ಸಿಗಲಿ. ಮಧ್ಯಾಹ್ನದ ಬಿಸಿಲಿಗೆ 35 ಶೇಕಡಾ ನೆರಳಿನ ಬಲೆ ಕಟ್ಟಿ. ಬಲೆ ಇಲ್ಲದಿದ್ದರೆ ಎಲೆಯ ಮರೆ ಇಲ್ಲದ ಕಾಯಿಯ ಮೇಲೆ ಬಿಳಿ ಕಾಗದ ಅಂಟಿಸಿದಂಥ ಮಚ್ಚೆ ಬೀಳುತ್ತದೆ, ಅಲ್ಲಿಂದಲೇ ಕೊಳೆಯತೊಡಗುತ್ತದೆ. ಹಾಗಾಗಿ ಎಲೆ ಜಾಸ್ತಿ ಸವರಬೇಡಿ.

ಗೊಬ್ಬರ ಹೂ ಬರುವ ತನಕ ಹದವಾಗಿರಲಿ. ಸಾರಜನಕ ಹೆಚ್ಚಾದರೆ ನನ್ನ ಮೊದಲ ವರ್ಷದ ಗಿಡದಂತೆ ಎಲೆಯದ್ದೇ ಮೆರವಣಿಗೆ. ಕಾಯಿ ಕಚ್ಚಿದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ, ಜೊತೆಗೆ ಪೊಟ್ಯಾಷ್ ಇರುವ ಯಾವುದಾದರೂ ಗೊಬ್ಬರ ಕೊಡಿ. ಬೆಳಗ್ಗೆ ಹೂ ಅರಳಿದಾಗ ಕೊಂಬೆಯನ್ನು ಮೆಲ್ಲಗೆ ತಟ್ಟಿ. ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಹೂ ಇದು. ಗಾಳಿ ಆಡದ ಮೂಲೆಯಲ್ಲಿ ಈ ತಟ್ಟುವಿಕೆ ಸಹಾಯಕ್ಕೆ ಬರುತ್ತದೆ.

ಮುಟುರು ಮತ್ತು ಸೊರಗು

ತುದಿ ಎಲೆ ಮುದುಡಿದೆಯಾ? ದೋಣಿಯಂತೆ ಮೇಲಕ್ಕೆ ಮಡಿಸಿಕೊಂಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ. ಕವುಚಿ ಹಾಕಿದ ದೋಣಿಯಂತೆ ಕೆಳಕ್ಕೆ ಮಡಿಸಿದ್ದರೆ ಮೈಟ್ ನುಸಿ. ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ, ಥ್ರಿಪ್ಸ್ ಇದ್ದರೆ ಸಣ್ಣ ಗೆರೆಗಳಂತೆ ಓಡಾಡುತ್ತವೆ. ಮೈಟ್ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಎರಡಕ್ಕೂ ಬೇವಿನೆಣ್ಣೆ ಆಗುತ್ತದೆ, ಶುರುವಿನಲ್ಲೇ ಹಿಡಿದರೆ. ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆ, ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ಸಂಜೆ, ಎಲೆಯ ತಳಭಾಗಕ್ಕೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಎಲೆ ಹಸಿರಾಗಿರುವಾಗಲೇ ಇಡೀ ಗಿಡ ಸೊರಗಿ, ನೀರು ಹಾಕಿದರೂ ಏಳದಿದ್ದರೆ ಬುಡದ ಹತ್ತಿರ ಕಾಂಡ ಕತ್ತರಿಸಿ ತಿಳಿನೀರಿನ ಗಾಜಿನ ಲೋಟದಲ್ಲಿ ಇಳಿಬಿಡಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂಥದ್ದು ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಔಷಧಿ ಹುಡುಕುತ್ತ ಕೂರಬೇಡಿ. ಗಿಡವನ್ನು ಬೇರು ಸಮೇತ ತೆಗೆದು ದೂರ ಹಾಕಿ. ಕುಂಡದ ಮಣ್ಣನ್ನು ಮತ್ತೆ ಈ ಕುಟುಂಬದ ಯಾವ ಗಿಡಕ್ಕೂ ಬಳಸಬೇಡಿ.

ಕೊಯ್ಲು

ನಾಟಿ ಮಾಡಿ 60–80 ದಿನಕ್ಕೆ ಹಸಿರು ಕಾಯಿ ಸಿಗುತ್ತದೆ. ಕೆಂಪು, ಹಳದಿ ಕಾಯಿಗಳೂ ಮೊದಲು ಹೆಚ್ಚಾಗಿ ಹಸಿರೇ ಇರುತ್ತವೆ, ಬಣ್ಣಕ್ಕೆ ಇನ್ನೂ ಮೂರ್ನಾಲ್ಕು ವಾರ ಕಾಯಬೇಕು. ಕಾದರೆ ಸಿಹಿ ಹೆಚ್ಚು, ವಿಟಮಿನ್ ಸಿ ಹೆಚ್ಚು, ಕಾಯಿಗಳ ಸಂಖ್ಯೆ ಮಾತ್ರ ಕಡಿಮೆ. ನಾನು ಮೊದಲ ನಾಲ್ಕೈದನ್ನು ಹಸಿರಿನಲ್ಲೇ ಕಿತ್ತು, ಆಮೇಲಿನವನ್ನು ಹಣ್ಣಾಗಲು ಬಿಡುತ್ತೇನೆ. ಕೈಯಿಂದ ಎಳೆಯಬೇಡಿ, ಕೊಂಬೆ ಪಟ್ಟನೆ ಮುರಿಯುತ್ತದೆ. ಕತ್ತರಿಯಿಂದ ತೊಟ್ಟು ಕತ್ತರಿಸಿ.

ಅಂದ ಹಾಗೆ, ತಳದಲ್ಲಿ ಮೂರು ಉಬ್ಬಿದ್ದರೆ ಗಂಡು ಕಾಯಿ, ನಾಲ್ಕಿದ್ದರೆ ಹೆಣ್ಣು ಎನ್ನುವ ಮಾತು ಕೇಳಿರಬಹುದು. ಅದು ಬರೀ ಕತೆ. ಕಾಯಿಗೆ ಗಂಡು ಹೆಣ್ಣು ಅಂತಿಲ್ಲ.

ಬೀಜ ಇಟ್ಟುಕೊಳ್ಳುವ ಆಸೆ ಇದ್ದರೆ ಪೂರ್ತಿ ಹಣ್ಣಾದ ಕಾಯಿಯಿಂದ ತೆಗೆಯಿರಿ, ಹಸಿರು ಕಾಯಿಯದ್ದು ಬಲಿತಿರುವುದಿಲ್ಲ. ಹೈಬ್ರಿಡ್ ತಳಿಯಾದರೆ ತಾಯಿಯಂಥದ್ದೇ ಕಾಯಿ ಬರುವ ನಂಬಿಕೆ ಇಲ್ಲ. ಪಕ್ಕದಲ್ಲಿ ಖಾರದ ಮೆಣಸಿನ ಗಿಡ ಇದ್ದರೂ ಈ ಸಲದ ಕಾಯಿ ಸಿಹಿಯಾಗೇ ಇರುತ್ತದೆ. ಆದರೆ ಜೇನುನೊಣ ಎರಡೂ ಹೂಗಳಿಗೆ ಹೋಗಿ ಬಂದಿದ್ದರೆ ಅದರ ಬೀಜದಿಂದ ಹುಟ್ಟಿದ ಗಿಡದಲ್ಲಿ ಖಾರ ಬರಬಹುದು. ಆ ಗಿಡದ ಮೊದಲ ಕಾಯಿಯನ್ನು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ, ಆಮೇಲೆ ಕಚ್ಚಿ.